ಮಹಾದಂಡಯಾತ್ರೆ ಮತ್ತು ಸೀಮೆಯ ಕದನ: ಚಾರಿತ್ರಿಕ ಗಣಕ ಆಟಗಳಲ್ಲಿ ಕಥನದ ಅಳತೆ
(ಸವಳಂಗ–ಹೊನ್ನಾಳಿ ಸೀಮೆಯನ್ನು ಮುಂದಿಟ್ಟುಕೊಂಡು)

1. ಪ್ರಸ್ತಾವನೆ

ಚರಿತ್ರೆಯನ್ನು ಹೇಳುವ ಪ್ರಕಾರಗಳು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿವೆ. ಶಾಸನ, ಕಾವ್ಯ, ಕೈಫಿಯತ್ತು, ಲಾವಣಿ, ನಾಟಕ, ಕಾದಂಬರಿ, ಚಲನಚಿತ್ರ ಇವೆಲ್ಲವನ್ನೂ ಕನ್ನಡ ಅಧ್ಯಯನವು ಕಥನದ ಪ್ರಕಾರಗಳೆಂದು ಒಪ್ಪಿಕೊಂಡು ಓದಿದೆ. ಆದರೆ ಕಳೆದ ಎರಡು ಮೂರು ದಶಕಗಳಲ್ಲಿ ಬೆಳೆದು ಬಂದಿರುವ ಚಾರಿತ್ರಿಕ ಯುದ್ಧತಂತ್ರದ ಗಣಕ ಆಟಗಳನ್ನು ಈ ಸಾಲಿನಲ್ಲಿಟ್ಟು ನೋಡುವ ಪ್ರಯತ್ನ ಕನ್ನಡದಲ್ಲಿ ವಿರಳ. ಇಂದು ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ವಿಜಯನಗರ, ಮೈಸೂರು, ಮರಾಠ ರಾಜ್ಯಗಳ ಗಡಿಗಳನ್ನು ಪಠ್ಯಪುಸ್ತಕಕ್ಕಿಂತ ಮೊದಲು ಇಂಥ ಆಟದ ನಕ್ಷೆಯಲ್ಲಿ ಕಂಡಿರುತ್ತಾರೆ. ಹೀಗಿರುವಾಗ ಆ ನಕ್ಷೆ ಏನನ್ನು ತೋರಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದು ಕೇವಲ ಆಟಗಾರರ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಈ ಆಟಗಳನ್ನು ತಿದ್ದಿ ಹೊಸ ರೂಪ ಕೊಡುವ ಹವ್ಯಾಸಿಗಳು ಕೆಲಸ ಆರಂಭಿಸುವಾಗಲೇ ಒಂದು ಆಯ್ಕೆಯನ್ನು ಮಾಡಿಕೊಳ್ಳಬೇಕಾಗುತ್ತದೆ. ಇಡೀ ಖಂಡವನ್ನೂ ಹಲವು ಶತಮಾನಗಳನ್ನೂ ಒಳಗೊಂಡ ಒಂದು ಮಹಾದಂಡಯಾತ್ರೆಯನ್ನು ಕಟ್ಟುವುದೇ, ಅಥವಾ ಒಂದು ಸೀಮೆ, ಒಂದು ಕದನ, ಕೆಲವು ತಿಂಗಳುಗಳಿಗೆ ಸೀಮಿತವಾದ ಕಿರುದಂಡಯಾತ್ರೆಗಳನ್ನು ಒಂದೊಂದಾಗಿ ಬೆಳೆಸುವುದೇ? ಮೇಲ್ನೋಟಕ್ಕೆ ಇದು ದುಡಿಮೆಯ ಹಂಚಿಕೆಗೆ ಸಂಬಂಧಿಸಿದ ಪ್ರಶ್ನೆ. ಆದರೆ ಇದರ ಆಳದಲ್ಲಿರುವುದು ಮಹಾಕಥನ ಮತ್ತು ಸ್ಥಳೀಯ ಕಥನಗಳ ಸಂಬಂಧವನ್ನು ಕುರಿತು ಕನ್ನಡ ವಿಮರ್ಶೆ ಬಹುಕಾಲದಿಂದ ಚರ್ಚಿಸಿಕೊಂಡು ಬಂದಿರುವ ಪ್ರಶ್ನೆಯೇ ಆಗಿದೆ.

ಪ್ರಸ್ತುತ ಲೇಖನವು ಈ ಎರಡು ಮಾದರಿಗಳ ಸ್ವರೂಪವನ್ನು ವಿವರಿಸಿ, ಅವುಗಳನ್ನು ಸವಳಂಗ, ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಶಿಕಾರಿಪುರ, ಶಿವಮೊಗ್ಗಗಳ ನಡುವಿನ ನೆಲದಲ್ಲಿ 1799–1800ರಲ್ಲಿ ಮತ್ತು 1830–31ರಲ್ಲಿ ನಡೆದ ಎರಡು ಹೋರಾಟಗಳ ಮೇಲಿಟ್ಟು ಪರೀಕ್ಷಿಸುತ್ತದೆ. ಕಿರುದಂಡಯಾತ್ರೆಯೆಂದರೆ ಮಹಾದಂಡಯಾತ್ರೆಯಿಂದ ಕತ್ತರಿಸಿ ತೆಗೆದ ಒಂದು ತುಣುಕೆಂದು ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅದಕ್ಕೆ ತನ್ನದೇ ಕಾಲಮಾನ, ತನ್ನದೇ ಪಾತ್ರವರ್ಗ, ಗೆಲುವಿನ ತನ್ನದೇ ಅರ್ಥ ಇರುತ್ತವೆ ಎಂಬುದು ಈ ಲೇಖನದ ಮುಖ್ಯ ನಿಲುವು.

2. ಪರಿಭಾಷೆ ಮತ್ತು ಸ್ವರೂಪ

ಚಾರಿತ್ರಿಕ ಯುದ್ಧತಂತ್ರದ ಆಟದಲ್ಲಿ ಆಟಗಾರನು ಒಂದು ರಾಜ್ಯದ ಆಳ್ವಿಕೆಯನ್ನು ವಹಿಸಿಕೊಳ್ಳುತ್ತಾನೆ. ಪರದೆಯ ಮೇಲೆ ನಕ್ಷೆಯಿರುತ್ತದೆ. ನಕ್ಷೆಯನ್ನು ಪ್ರದೇಶಗಳಾಗಿ ವಿಂಗಡಿಸಲಾಗಿರುತ್ತದೆ. ಪ್ರತಿ ಪ್ರದೇಶಕ್ಕೂ ಒಂದು ಒಡೆತನ, ಆದಾಯ, ಕೋಟೆ, ಜನಸಂಖ್ಯೆ ಇರುತ್ತವೆ. ಟೋಟಲ್ ವಾರ್ ಮಾಲಿಕೆಯಲ್ಲಿ ಕಾಲವು ಸರದಿಗಳಲ್ಲಿ ಸಾಗುತ್ತದೆ. ಪಗಡೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ದಾಳ ಹಾಕುವಂತೆ ಇಲ್ಲಿ ಪ್ರತಿ ರಾಜ್ಯವೂ ತನ್ನ ಸರದಿಯಲ್ಲಿ ತೆರಿಗೆ ಎತ್ತಿ, ಸೈನ್ಯ ಕೂಡಿಸಿ, ದಂಡನ್ನು ನಡೆಸುತ್ತದೆ. ಯೂರೋಪಾ ಯೂನಿವರ್ಸಾಲಿಸ್ ಮಾಲಿಕೆಯಲ್ಲಿ ಸರದಿಯಿಲ್ಲ, ದಿನಗಳು ತಾವಾಗಿ ಉರುಳುತ್ತವೆ. ಎರಡರಲ್ಲಿಯೂ ಚರಿತ್ರೆ ನಡೆದಂತೆಯೇ ನಡೆಯಬೇಕೆಂಬ ನಿರ್ಬಂಧವಿಲ್ಲ. ಆರಂಭದ ಸ್ಥಿತಿ ಚಾರಿತ್ರಿಕವಾಗಿರುತ್ತದೆ. ಅನಂತರದ್ದು ಆಟಗಾರನ ನಿರ್ಧಾರಕ್ಕೆ ಬಿಟ್ಟದ್ದು.

ಇಂಥ ಆಟದ ಪ್ರಧಾನ ರೂಪವನ್ನು ಆಟಗಾರರು ಗ್ರ್ಯಾಂಡ್ ಕ್ಯಾಂಪೇನ್ ಎನ್ನುತ್ತಾರೆ. ಇಲ್ಲಿ ಅದನ್ನು ಮಹಾದಂಡಯಾತ್ರೆ ಎಂದು ಕರೆಯಲಾಗಿದೆ. 2006ರಲ್ಲಿ ಬಂದ ಮೆಡೀವಲ್ 2: ಟೋಟಲ್ ವಾರ್ ಆಟದ ಮಹಾದಂಡಯಾತ್ರೆ 1080ರಿಂದ 1530ರವರೆಗೆ ಹರಡಿದೆ. 2009ರ ಎಂಪೈರ್: ಟೋಟಲ್ ವಾರ್ 1700ರಿಂದ 1799ರವರೆಗಿನ ಕಾಲವನ್ನು ಯೂರೋಪು, ಅಮೆರಿಕ, ಭಾರತ ಎಂಬ ಮೂರು ರಂಗಗಳಲ್ಲಿ ನಡೆಸುತ್ತದೆ. 2013ರ ಯೂರೋಪಾ ಯೂನಿವರ್ಸಾಲಿಸ್ 4 ಆಟ 1444ರಲ್ಲಿ ಆರಂಭವಾಗಿ 1821ಕ್ಕೆ ಮುಗಿಯುತ್ತದೆ.

ಇದಕ್ಕೆ ಪ್ರತಿಯಾಗಿ ಕಿರುದಂಡಯಾತ್ರೆಗಳೂ ಬಂದಿವೆ. ಮೆಡೀವಲ್ 2 ಆಟಕ್ಕೆ 2007ರಲ್ಲಿ ಸೇರಿಸಲಾದ ಕಿಂಗ್‌ಡಮ್ಸ್ ಎಂಬ ವಿಸ್ತರಣೆಯಲ್ಲಿ ಅಮೆರಿಕ, ಬ್ರಿಟನ್, ಧರ್ಮಯುದ್ಧಗಳು ಮತ್ತು ಬಾಲ್ಟಿಕ್ ಕರಾವಳಿಯ ಟ್ಯೂಟಾನಿಕ್ ಯೋಧರು ಎಂಬ ನಾಲ್ಕು ಪ್ರತ್ಯೇಕ ದಂಡಯಾತ್ರೆಗಳಿದ್ದವು. ಮಹಾದಂಡಯಾತ್ರೆಯಲ್ಲಿ ಕೆಲವೇ ಪ್ರದೇಶಗಳಾಗಿದ್ದ ಬ್ರಿಟನ್ ದ್ವೀಪ ಇಲ್ಲಿ ಸ್ವತಂತ್ರ ನಕ್ಷೆಯಾಗಿ ಹರಡಿಕೊಂಡಿತು. 2010ರಲ್ಲಿ ನೆಪೋಲಿಯನ್: ಟೋಟಲ್ ವಾರ್ ಆಟಕ್ಕೆ ಸ್ಪೇನ್–ಪೋರ್ಚುಗಲ್ ಯುದ್ಧವನ್ನಷ್ಟೇ ಕುರಿತ ದಂಡಯಾತ್ರೆಯೊಂದು ಸೇರಿತು. ಆಮೇಲೆ ಬಂದ ರೋಮ್ 2 ಆಟಕ್ಕೂ ಸೀಸರನ ಗಾಲ್ ಯುದ್ಧ, ಹ್ಯಾನಿಬಲ್‌ನ ಯುದ್ಧ ಮೊದಲಾದ ಕಿರುದಂಡಯಾತ್ರೆಗಳು ಬಂದವು.

ಇವು ಕಂಪನಿಗಳೇ ಹೊರತಂದವು. ಇವುಗಳ ಹೊರಗೆ, ಆಟಗಾರರೇ ಮೂಲ ಆಟದ ಕಡತಗಳನ್ನು ಬದಲಿಸಿ ರೂಪಿಸುವ ಕೃತಿಗಳನ್ನು ಮಾಡ್‌ಗಳು ಎನ್ನುತ್ತಾರೆ. ಹಳೆಯ ಪ್ರಸಂಗಕ್ಕೆ ಭಾಗವತರು ಹೊಸ ಪದ್ಯ ಸೇರಿಸಿ, ಪಾತ್ರ ಬದಲಿಸಿ, ಬೇರೆ ಆಟವನ್ನೇ ಕಟ್ಟುವ ಕ್ರಮಕ್ಕೆ ಇದನ್ನು ಹೋಲಿಸಬಹುದು. ಯಂತ್ರ ಮೂಲ ಆಟದ್ದು. ನಕ್ಷೆ, ರಾಜ್ಯಗಳು, ಸೈನಿಕರು, ಹೆಸರುಗಳು, ಬರವಣಿಗೆ ಹವ್ಯಾಸಿಗಳದ್ದು. ಈ ಕೆಲಸದಲ್ಲಿ ತೊಡಗಿದವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವವರು ಎಂಬುದನ್ನು ನೆನಪಿನಲ್ಲಿಡಬೇಕು.

3. ಎರಡು ಮಾದರಿಗಳ ಲಾಭ–ನಷ್ಟ

ಮಹಾದಂಡಯಾತ್ರೆಯ ಆಕರ್ಷಣೆ ಸಹಜವಾದದ್ದು. ಅದರಲ್ಲಿ ಆಟಗಾರನಿಗೆ ಸ್ವಾತಂತ್ರ್ಯ ಹೆಚ್ಚು. ಯಾವ ರಾಜ್ಯವನ್ನಾದರೂ ಆರಿಸಿಕೊಳ್ಳಬಹುದು, ಯಾವ ದಿಕ್ಕಿಗಾದರೂ ದಂಡು ನಡೆಸಬಹುದು. ‘ಹೀಗಾಗದೆ ಹಾಗಾಗಿದ್ದರೆ’ ಎಂಬ ಕಲ್ಪನೆಗೆ ಅಲ್ಲಿ ವಿಶಾಲವಾದ ಅವಕಾಶವಿದೆ. ಒಮ್ಮೆ ಆಡಿ ಮುಗಿಸಿದ ಮೇಲೂ ಬೇರೆ ರಾಜ್ಯದಿಂದ ಮತ್ತೆ ಆರಂಭಿಸಬಹುದು. ದೂರದ ಎರಡು ವಿದ್ಯಮಾನಗಳ ನಡುವಿನ ಸಂಬಂಧವನ್ನು, ಅಂದರೆ ಯೂರೋಪಿನ ಯುದ್ಧವೊಂದು ಕರಾವಳಿಯ ವ್ಯಾಪಾರವನ್ನು ತಟ್ಟುವ ಬಗೆಯನ್ನು, ತೋರಿಸುವ ಸಾಮರ್ಥ್ಯ ಈ ಮಾದರಿಗೆ ಮಾತ್ರ ಇದೆ.

ಆದರೆ ಅದರ ವೆಚ್ಚವೂ ದೊಡ್ಡದು. ಒಂದು ರಾಜ್ಯವನ್ನು ನಕ್ಷೆಗೆ ತರಬೇಕಾದರೆ ಅದರ ಲಾಂಛನ, ಸೈನಿಕರ ಉಡುಗೆ, ಆಯುಧ, ಕಟ್ಟಡಗಳು, ವಂಶಾವಳಿ, ವ್ಯಕ್ತಿನಾಮಗಳ ಪಟ್ಟಿ, ಸೇನಾ ತುಕಡಿಗಳ ಪರಿಚಯ ಬರಹ ಇಷ್ಟನ್ನೂ ಸಿದ್ಧಪಡಿಸಬೇಕು. ಹೀಗೆ ಸೇರಿದ ರಾಜ್ಯವು ಉಳಿದವುಗಳೊಡನೆ ಸಮತೋಲದಲ್ಲಿದೆಯೇ ಎಂದು ಮತ್ತೆ ಮತ್ತೆ ಆಡಿ ನೋಡಬೇಕು. ರಾಜ್ಯಗಳ ಸಂಖ್ಯೆ ಹೆಚ್ಚಿದಂತೆ ಅವುಗಳ ನಡುವಿನ ಸಂಬಂಧಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ. ಐದು ರಾಜ್ಯಗಳಿದ್ದರೆ ಪರಸ್ಪರ ಜೋಡಿಗಳು ಹತ್ತು. ಮೂವತ್ತು ರಾಜ್ಯಗಳಿದ್ದರೆ ನಾನೂರ ಮೂವತ್ತೈದು. ಪ್ರಾಚೀನ ಜಗತ್ತನ್ನು ಕುರಿತ ಯೂರೋಪಾ ಬಾರ್ಬರೋರಂ ಎಂಬ ಪ್ರಸಿದ್ಧ ಮಾಡ್‌ನ ಎರಡನೆಯ ರೂಪವು ಹಲವು ವರ್ಷಗಳ ಸಾಮೂಹಿಕ ದುಡಿಮೆಯ ನಂತರ 2014ರಲ್ಲಷ್ಟೇ ಮೊದಲ ಬಾರಿಗೆ ಆಟಗಾರರ ಕೈಸೇರಿತು. ಗ್ರೀಕ್–ರೋಮನ್ ಆಕರಗಳು ‘ಬರ್ಬರ’ರೆಂದು ಕರೆದ ಜನರಿಗೆ ಅವರ ಭಾಷೆಯ ಹೆಸರುಗಳನ್ನೇ ಕೊಡಬೇಕೆಂಬುದು ಆ ತಂಡದ ಸಂಕಲ್ಪವಾಗಿತ್ತು. ಅಂಥ ಸೂಕ್ಷ್ಮ ಕೆಲಸಕ್ಕೆ ಅಷ್ಟು ಕಾಲ ಬೇಕಾದದ್ದು ಆಶ್ಚರ್ಯವಲ್ಲ. ಅಷ್ಟು ಸಹನೆ, ಅಷ್ಟು ಜನ ಇಲ್ಲದ ತಂಡಗಳು ದೊಡ್ಡ ನಕ್ಷೆಯನ್ನು ಬಿಡಿಸಿಟ್ಟು ಅರ್ಧದಲ್ಲೇ ಕೈಬಿಡುವುದು ಈ ಲೋಕದಲ್ಲಿ ಸಾಮಾನ್ಯ ಸಂಗತಿ.

ಕಿರುದಂಡಯಾತ್ರೆಯನ್ನು ನಾಲ್ಕಾರು ಜನ ಸೇರಿ ಮುಗಿಸಬಹುದು. ಒಂದು ಮುಗಿದ ಮೇಲೆ ಅದಕ್ಕಾಗಿ ಮಾಡಿದ ಉಡುಗೆ, ಕೋಟೆ, ಹೆಸರುಗಳನ್ನು ಮತ್ತೊಂದಕ್ಕೆ ಬಳಸಿಕೊಳ್ಳಬಹುದು. ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ. ಇದರ ದೋಷವೆಂದರೆ, ಆಟಗಾರನ ಸ್ವಾತಂತ್ರ್ಯ ಕುಗ್ಗಿ ಎಲ್ಲವೂ ಮೊದಲೇ ಬರೆದಿಟ್ಟ ನಾಟಕದಂತೆ ಸಾಗುವ ಅಪಾಯ. ಎರಡು ಬಾರಿ ಆಡಿದರೆ ಮೂರನೆಯ ಬಾರಿಗೆ ಕುತೂಹಲ ಉಳಿಯದೆ ಹೋಗಬಹುದು.

ಇಷ್ಟು ಹೇಳಿದರೆ ಪ್ರಶ್ನೆ ಅನುಕೂಲ–ಅನನುಕೂಲಗಳ ಲೆಕ್ಕದಲ್ಲಿಯೇ ಮುಗಿದಂತಾಗುತ್ತದೆ. ಕಥನದ ದೃಷ್ಟಿಯಿಂದ ಮುಖ್ಯವಾದ ಸಂಗತಿ ಬೇರೆಯಿದೆ. ಅದನ್ನು ಕಾಣಬೇಕಾದರೆ ಒಂದು ನಿರ್ದಿಷ್ಟ ನೆಲವನ್ನು ಎರಡೂ ಅಳತೆಗಳಲ್ಲಿ ನೋಡಬೇಕು.

4. ದೊಡ್ಡ ನಕ್ಷೆಯಲ್ಲಿ ಸವಳಂಗದ ಸೀಮೆ

ಸವಳಂಗವು ಇಂದು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು ಅನಂತರ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ನ್ಯಾಮತಿ ಆಮೇಲೆ ಪ್ರತ್ಯೇಕ ತಾಲ್ಲೂಕಾಯಿತು. ಸವಳಂಗದಿಂದ ಒಂದು ದಾರಿ ಶಿವಮೊಗ್ಗಕ್ಕೆ, ಒಂದು ಶಿಕಾರಿಪುರಕ್ಕೆ, ಮತ್ತೊಂದು ನ್ಯಾಮತಿಯ ಮೇಲೆ ಹೊನ್ನಾಳಿಗೆ ಹೋಗುತ್ತದೆ. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗಿ ಹೊನ್ನಾಳಿಯ ಪಕ್ಕದಲ್ಲಿ ಹರಿದು ಹರಿಹರದ ಕಡೆಗೆ ಸಾಗುತ್ತದೆ. ದಂಡು ನಡೆಸುವವನಿಗೆ ದಾರಿ, ಹೊಳೆಯ ಕಡವು, ಕೋಟೆ, ಕೆರೆಗಳೆಲ್ಲ ಲೆಕ್ಕಕ್ಕೆ ಬರುವಂಥ ನೆಲವಿದು.

ಎಂಪೈರ್: ಟೋಟಲ್ ವಾರ್ ಆಟದ ಮಹಾದಂಡಯಾತ್ರೆಯಲ್ಲಿ ಮೈಸೂರು ಒಂದು ರಾಜ್ಯವಾಗಿ ಬರುತ್ತದೆ. ಆದರೆ ಭಾರತದ ರಂಗವನ್ನು ಬಹು ದೊಡ್ಡ ಪ್ರದೇಶಗಳಾಗಿ ವಿಂಗಡಿಸಿರುವುದರಿಂದ ಹೊನ್ನಾಳಿಯಾಗಲಿ, ಬಿದನೂರಾಗಲಿ ಅಲ್ಲಿ ಆಡಳಿತದ ಘಟಕವಾಗಿ ಕಾಣುವುದಿಲ್ಲ. ಇನ್ನೂ ಗಮನಾರ್ಹವಾದುದು ಕಾಲದ ಅಳತೆ. ಆ ಆಟದಲ್ಲಿ ವರ್ಷಕ್ಕೆ ಎರಡು ಸರದಿಗಳು. ಆಟ ಮುಗಿಯುವುದು 1799ಕ್ಕೆ. ಶ್ರೀರಂಗಪಟ್ಟಣ ಪತನವಾದ ವರ್ಷವೂ ಅದೇ. ಮಹಾಕಥನದ ದೃಷ್ಟಿಯಲ್ಲಿ ಅಲ್ಲಿಗೆ ಮೈಸೂರಿನ ಕಥೆ ಮುಗಿಯಿತು. ಹೊನ್ನಾಳಿ ಸೀಮೆಯ ಕಥೆಯ ಒಂದು ಮುಖ್ಯ ಅಧ್ಯಾಯ ಆರಂಭವಾಗುವುದು ಆ ವರ್ಷದ ಮೇ ತಿಂಗಳಿನಲ್ಲಿ.

ಚನ್ನಗಿರಿಯಲ್ಲಿ ಹುಟ್ಟಿದನೆಂದು ಹೇಳಲಾಗುವ ಧೋಂಡಿಯಾ ವಾಘ್ ಹೈದರಾಲಿಯ ಸೈನ್ಯದಲ್ಲಿ ಸೇವೆಯಲ್ಲಿದ್ದವನು. ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಉತ್ತರಕ್ಕೆ ಸರಿದು ಲಕ್ಷ್ಮೇಶ್ವರದ ಕಡೆ ಸ್ವಂತ ದಂಡು ಕಟ್ಟಿದ. ಮರಾಠರ ಒತ್ತಡ ಹೆಚ್ಚಿದಾಗ 1794ರಲ್ಲಿ ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದು, ಅನಂತರ ಅವನಿಂದಲೇ ಸೆರೆಯಾದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದು, ಚದುರಿದ ಸೈನಿಕರನ್ನು ಕೂಡಿಸಿಕೊಂಡು ಶಿವಮೊಗ್ಗ–ಬಿದನೂರು ಪ್ರಾಂತ್ಯವನ್ನು ಹಿಡಿದ. ಅದೇ ವರ್ಷದ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಕರ್ನಲ್ ಸ್ಟೀವನ್‌ಸನ್ ಮತ್ತು ಡಾಲ್ರಿಂಪಲ್ ಅವರ ಕೈಕೆಳಗಿನ ಕಂಪನಿ ತುಕಡಿಗಳು ಹೊನ್ನಾಳಿ, ಶಿವಮೊಗ್ಗ, ಶಿಕಾರಿಪುರಗಳನ್ನು ವಶಪಡಿಸಿಕೊಂಡು ಅವನನ್ನು ಮರಾಠ ಸೀಮೆಗೆ ಓಡಿಸಿದವು. 1800ರಲ್ಲಿ ಅವನು ‘ಉಭಯಲೋಕಾಧೀಶ್ವರ’ ಎಂಬ ಬಿರುದು ಧರಿಸಿ ಮತ್ತೆ ಬಲಗೊಂಡಾಗ, ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಸೈನ್ಯದೊಡನೆ ಹೊರಟ. ಜೂನ್ ಕೊನೆಯಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ಧೋಂಡಿಯಾನ ಕೈಯಲ್ಲಿ ಹತನಾದ. ಜುಲೈನಲ್ಲಿ ಡಂಬಳದ ಕೋಟೆ ವೆಲ್ಲೆಸ್ಲಿಯ ವಶವಾಯಿತು. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯಾನ ಪಾಳೆಯ ನಾಶವಾಯಿತು. ಕೊನೆಗೆ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನು ಕುದುರೆ ಪಡೆಗಳ ಕಾಳಗದಲ್ಲಿ ಮಡಿದ. ಅವನ ಸಾಕುಮಗ ಸಲಾಬತ್ ಖಾನನ ಪೋಷಣೆಯನ್ನು ವೆಲ್ಲೆಸ್ಲಿ ವಹಿಸಿಕೊಂಡ.

ಹದಿನಾರು ತಿಂಗಳುಗಳ ಈ ಇಡೀ ಹೋರಾಟವನ್ನು ವರ್ಷಕ್ಕೆ ಎರಡು ಸರದಿಗಳ ಲೆಕ್ಕದಲ್ಲಿ ಇಟ್ಟರೆ ಮೂರು ಸರದಿಗಳೊಳಗೆ ಮುಗಿದುಹೋಗುತ್ತದೆ. ಮೆಡೀವಲ್ 2 ಆಟದ ಮೂಲ ಅಳತೆಯಲ್ಲಿ ಒಂದು ಸರದಿಗೆ ಎರಡು ವರ್ಷ. ಅಲ್ಲಿ ಇದು ಒಂದು ಸರದಿಯೂ ಆಗುವುದಿಲ್ಲ. ಆ ಆಟದಲ್ಲಿ ಪಂಚಾಂಗ ಎರಡು ವರ್ಷ ಮುಂದೆ ಹೋದರೂ ನಾಯಕರ ವಯಸ್ಸು ಅರ್ಧ ವರ್ಷ ಮಾತ್ರ ಏರುತ್ತದೆ. ಮನುಷ್ಯರ ಆಯುಷ್ಯವೂ ರಾಜ್ಯಗಳ ಆಯುಷ್ಯವೂ ಒಂದೇ ಅಳತೆಗೆ ಒಗ್ಗುವುದಿಲ್ಲವೆಂಬುದನ್ನು ಆಟದ ರಚನೆಯೇ ಹೀಗೆ ಒಪ್ಪಿಕೊಂಡಂತಿದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಅಂಶವಿದೆ. ಮೆಡೀವಲ್ 2 ಆಟದ ಯಂತ್ರವು 31ಕ್ಕಿಂತ ಹೆಚ್ಚು ಪಕ್ಷಗಳನ್ನೂ 199ಕ್ಕಿಂತ ಹೆಚ್ಚು ಪ್ರದೇಶಗಳನ್ನೂ ಒಪ್ಪುವುದಿಲ್ಲ. ಈ ಮಿತಿಯೊಳಗೆ ಸ್ಥಾನ ಸಿಗದ ಪಾಳೆಯಗಾರರು, ಬುಡಕಟ್ಟುಗಳು, ಸ್ವತಂತ್ರ ಕೋಟೆಗಳು ಎಲ್ಲವೂ ‘ಬಂಡಾಯಗಾರರು’ ಎಂಬ ಒಂದೇ ಪಕ್ಷಕ್ಕೆ ಸೇರುತ್ತವೆ. ಆ ಪಕ್ಷವನ್ನು ಆಟಗಾರ ಆರಿಸಿಕೊಳ್ಳುವಂತಿಲ್ಲ. ಅದಕ್ಕೆ ಗೆಲುವಿನ ಷರತ್ತಿಲ್ಲ. ಅದರೊಡನೆ ಸಂಧಾನವೂ ಇಲ್ಲ. ಕಡತಗಳ ಒಳಗೆ ಆ ಪಕ್ಷಕ್ಕಿರುವ ಹೆಸರು ‘ಸ್ಲೇವ್’, ಅಂದರೆ ಗುಲಾಮ. ತಯಾರಕರು ಇದನ್ನು ಯಾವ ದುರುದ್ದೇಶದಿಂದಲೂ ಇಟ್ಟಿರಲಾರರು. ಆದರೂ ಮಹಾಕಥನವು ತನ್ನ ಲೆಕ್ಕಕ್ಕೆ ಸಿಗದವರನ್ನು ಎಲ್ಲಿ ಇಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಕಂಪನಿಯ ವರದಿಗಳು ಧೋಂಡಿಯಾನನ್ನು ಇಟ್ಟ ಜಾಗವೂ ಇದೇ.

5. ಕಿರುದಂಡಯಾತ್ರೆಯ ವ್ಯಾಕರಣ

ಈ ಹೋರಾಟವನ್ನೇ ಒಂದು ಕಿರುದಂಡಯಾತ್ರೆಯಾಗಿ ರೂಪಿಸುವುದಾದರೆ ಏನೇನು ಬದಲಾಗಬೇಕಾಗುತ್ತದೆ ಎಂಬುದನ್ನು ನಾಲ್ಕು ನೆಲೆಗಳಲ್ಲಿ ಗುರುತಿಸಬಹುದು.

ಮೊದಲನೆಯದು ಕಾಲ. ಈ ಸೀಮೆಯಲ್ಲಿ ರೈತನ ವರ್ಷವನ್ನು ಅಳೆಯುವುದು ಮಳೆ ನಕ್ಷತ್ರಗಳಿಂದ. ವರ್ಷಕ್ಕೆ 27 ನಕ್ಷತ್ರಗಳು; ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಒಂದು ನಕ್ಷತ್ರವನ್ನು ಒಂದು ಸರದಿಯೆಂದು ಇಟ್ಟುಕೊಂಡರೆ 1799ರ ಮೇ ತಿಂಗಳಿಂದ 1800ರ ಸೆಪ್ಟೆಂಬರ್‌ವರೆಗೆ ಸುಮಾರು 36 ಸರದಿಗಳಾಗುತ್ತವೆ. ಆಡಲು ಇದು ಸಾಕಾಗುವಷ್ಟು ದೀರ್ಘ. ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಆರಿದ್ರಾ ಮಳೆಯ ಹೊತ್ತಿಗೆ ಹೊಳೆ ದಾಟದ ದಂಡು ಆಮೇಲೆ ಹರಿಗೋಲುಗಳಿಗೆ ಕಾಯಬೇಕು. ಮಖೆ, ಹುಬ್ಬೆಯ ಕಾಲಕ್ಕೆ ಮಲೆನಾಡಿನ ದಾರಿಗಳಲ್ಲಿ ತೋಪಿನ ಬಂಡಿ ಹೂಳುತ್ತದೆ. ವೆಲ್ಲೆಸ್ಲಿಯ ಪತ್ರಗಳಲ್ಲಿ ಹೊಳೆಗಳ ಏರಿಳಿತ, ಹರಿಗೋಲು, ದಾಸ್ತಾನುಗಳ ಚಿಂತೆ ಮತ್ತೆ ಮತ್ತೆ ಬರುವುದನ್ನು ಗಮನಿಸಿದರೆ, ಆ ಯುದ್ಧದಲ್ಲಿ ಮಳೆಯೂ ಒಂದು ಪಕ್ಷವಾಗಿತ್ತೆಂದು ತಿಳಿಯುತ್ತದೆ. ಅರ್ಧ ವರ್ಷದ ಸರದಿಯಲ್ಲಿ ಈ ಅಂಶ ಪೂರ್ತಿ ಕಾಣೆಯಾಗುತ್ತದೆ.

ಎರಡನೆಯದು ಸ್ಥಳ. ದೊಡ್ಡ ನಕ್ಷೆಯಲ್ಲಿ ಪ್ರದೇಶವೆಂದರೆ ಒಂದು ರಾಜಧಾನಿ ಮತ್ತು ಅದರ ಸುತ್ತಲಿನ ಬಣ್ಣ. ಸೀಮೆಯ ನಕ್ಷೆಯಲ್ಲಿ ಘಟಕಗಳು ಬೇರೆ: ಹೊನ್ನಾಳಿಯ ಕಡವು, ಸವಳಂಗದ ಕೆರೆ ಮತ್ತು ಕವಲುದಾರಿ, ಚನ್ನಗಿರಿ ಮತ್ತು ಬಸವಾಪಟ್ಟಣದ ಕೋಟೆಗಳು, ಸೂಳೆಕೆರೆಯ ನೀರು, ಶಿಕಾರಿಪುರದ ಬಳಿಯ ಕುಮುದ್ವತಿ. ಕುದುರೆಗೆ ಮೇವು, ದಂಡಿಗೆ ನೀರು, ಓಡುವವನಿಗೆ ಕಾಡಿನ ಅಂಚು ಎಲ್ಲಿವೆ ಎಂಬುದೇ ಇಲ್ಲಿ ತಂತ್ರದ ಮೂಲ.

ಮೂರನೆಯದು ಪಾತ್ರವರ್ಗ. ಕಂಪನಿ, ಹೊಸದಾಗಿ ಸ್ಥಾಪಿತವಾದ ಮೈಸೂರು ಅರಸರ ಆಡಳಿತ ಮತ್ತು ಅದರ ದಿವಾನ ಪೂರ್ಣಯ್ಯ, ಪೇಶ್ವೆಯ ಸರದಾರರು, ಧೋಂಡಿಯಾನ ದಂಡು ಇವು ಎದ್ದು ಕಾಣುವ ಪಕ್ಷಗಳು. ಇವುಗಳ ಜೊತೆಗೆ ದೊಡ್ಡ ನಕ್ಷೆ ಎಂದೂ ಹೆಸರಿಸದ ಕೆಲವರು ಇಲ್ಲಿ ಮುಂದೆ ಬರುತ್ತಾರೆ. ಅವರಲ್ಲಿ ಮುಖ್ಯರಾದವರು ಬಂಜಾರರು. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಸೈನ್ಯಗಳಿಗೆ ದವಸ ಪೂರೈಸುತ್ತಿದ್ದ ಈ ಸಮುದಾಯವನ್ನು ವೆಲ್ಲೆಸ್ಲಿ ದಖ್ಖನಿನ ತನ್ನ ದಂಡಯಾತ್ರೆಗಳಲ್ಲಿ ಬಹುವಾಗಿ ಅವಲಂಬಿಸಿದ್ದ. ಬಂಜಾರರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾಗಿರುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ. ಮಹಾದಂಡಯಾತ್ರೆಯಲ್ಲಿ ದವಸದ ಪೂರೈಕೆಯೆಂದರೆ ಪರದೆಯ ಮೂಲೆಯಲ್ಲಿರುವ ಒಂದು ಅಂಕಿ. ಕಿರುದಂಡಯಾತ್ರೆಯಲ್ಲಿ ಅದು ತಾಂಡಾಗಳ ಸಾಲು. ತನ್ನ ಲಾಭ–ನಷ್ಟ ತಾನು ನೋಡಿಕೊಂಡು, ಯಾರ ಪಾಳೆಯಕ್ಕೆ ಹೋಗಬೇಕೆಂದು ನಿರ್ಧರಿಸುವ ಒಂದು ಪಕ್ಷ. ಆಟದ ರಚನೆಯಲ್ಲಿ ಈ ಒಂದು ಬದಲಾವಣೆ ಮಾಡಿದರೆ ಸಾಕು, ಯುದ್ಧದ ಅರ್ಥವೇ ಬೇರೆಯಾಗುತ್ತದೆ.

ನಾಲ್ಕನೆಯದು ಗೆಲುವು. ಮೆಡೀವಲ್ 2 ಆಟದ ದೀರ್ಘ ದಂಡಯಾತ್ರೆಯಲ್ಲಿ 45 ಪ್ರದೇಶಗಳನ್ನು ಹಿಡಿದವನು ಗೆದ್ದಂತೆ. ಧೋಂಡಿಯಾನಿಗೆ ಅಂಥ ಗೆಲುವು ಸಾಧ್ಯವೂ ಇರಲಿಲ್ಲ, ಅವನ ಯುದ್ಧದ ಕ್ರಮಕ್ಕೆ ಅದು ಹೊಂದುತ್ತಲೂ ಇರಲಿಲ್ಲ. ದಂಡು ಚದುರದಂತೆ ನೋಡಿಕೊಳ್ಳುವುದು, ಮತ್ತೊಂದು ಮಳೆಗಾಲದವರೆಗೆ ಬದುಕಿ ಉಳಿಯುವುದು, ಎರಡು ಸರ್ಕಾರಗಳ ಗಡಿಯ ನಡುವೆ ಜಾಗ ಕಂಡುಕೊಳ್ಳುವುದು ಇವೇ ಅವನ ಗೆಲುವಿನ ಮೆಟ್ಟಿಲುಗಳು. ಊರುಗಳ ಪಾಲಿಗೆ ಗೆಲುವೆಂದರೆ ಎರಡು ದಂಡುಗಳು ಹಾದುಹೋದ ಮೇಲೂ ಬಿತ್ತನೆಯ ಕಾಳು ಮನೆಯಲ್ಲಿ ಉಳಿಯುವುದು. ಗೆಲುವಿನ ಇಂಥ ಬೇರೆ ಬೇರೆ ಅರ್ಥಗಳನ್ನು ಒಂದೇ ಆಟದಲ್ಲಿ ಇಡಲು ಸಾಧ್ಯವಾಗುವುದು ಅಳತೆ ಕಿರಿದಾದಾಗ ಮಾತ್ರ.

6. ಆಕರಗಳ ಪ್ರಶ್ನೆ

ಕನ್ನಡದ ಚಾರಿತ್ರಿಕ ಆಕರಗಳ ಬಹುಭಾಗ ಈ ಕಿರಿದಾದ ಅಳತೆಯಲ್ಲಿಯೇ ಮಾತನಾಡುತ್ತದೆ ಎಂಬುದು ಇಲ್ಲಿ ಮುಖ್ಯ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ 1902ರಲ್ಲಿ ಪ್ರಕಟವಾಯಿತು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಎಂಬ ನಾಲ್ಕು ತಾಲ್ಲೂಕುಗಳ ಶಾಸನಗಳು ಆ ಒಂದೇ ಸಂಪುಟದಲ್ಲಿವೆ. ಅಂದರೆ ಸವಳಂಗದ ಸುತ್ತಲಿನ ಸೀಮೆ ಶಾಸನಾಭ್ಯಾಸಿಗಳಿಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಒಂದು ಘಟಕವಾಗಿಯೇ ಪರಿಚಿತವಾಗಿದೆ. ನಾಡಿನ ವೀರಗಲ್ಲುಗಳು ಹೇಳುವ ತುರುಗೊಳ್, ಊರಳಿವು, ಗಡಿಯ ಕಾದಾಟಗಳು ಸಾಮ್ರಾಜ್ಯಗಳ ಯುದ್ಧಗಳಿಗಿಂತ ಚಿಕ್ಕವು. ಆದರೆ ಸತ್ತವನ ಹೆಸರು, ಅವನ ಊರು, ಅವನ ಒಡೆಯ, ಕಲ್ಲು ನಿಲ್ಲಿಸಿದವರು ಯಾರೆಂಬ ವಿವರ ದೊರೆಯುವುದು ಅಲ್ಲಿಯೇ.

ಕೈಫಿಯತ್ತುಗಳ ಅಳತೆಯೂ ಇಂಥದೇ. 1799ರ ನಂತರ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಸಂಗ್ರಹವಾದ ಈ ಬರಹಗಳು ಊರು, ಪಾಳೆಯಪಟ್ಟು, ದೇವಸ್ಥಾನ, ಮಠಗಳನ್ನು ಕೇಂದ್ರವಾಗಿಟ್ಟುಕೊಂಡು ಚರಿತ್ರೆ ಹೇಳುತ್ತವೆ. ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಈ ಸಾಮಗ್ರಿಯನ್ನು ಸಂಶೋಧಕರಿಗೆ ಸುಲಭವಾಗಿ ಒದಗಿಸಿದೆ. ವ್ಯಕ್ತಿನಾಮಗಳು, ಹುದ್ದೆಗಳು, ತೆರಿಗೆಗಳ ಹೆಸರು, ಆಯುಧಗಳ ಹೆಸರು ಹೀಗೆ ಒಂದು ಮಾಡ್‌ಗೆ ಬೇಕಾದ ಪದಸಾಮಗ್ರಿಯನ್ನು ಇಂಥ ಆಕರಗಳಿಂದ ಪಡೆಯಬಹುದು. ಕನ್ನಡ ಬಲ್ಲವರು ಇದನ್ನು ಒದಗಿಸದಿದ್ದರೆ, ದೂರದಲ್ಲಿ ಕುಳಿತ ಹವ್ಯಾಸಿ ಇಂಗ್ಲಿಷ್ ವರದಿಗಳಿಂದ ಹೆಸರು ಹೆಕ್ಕಿ ಅಪಭ್ರಂಶ ರೂಪದಲ್ಲಿ ನಕ್ಷೆಗೆ ತುಂಬುತ್ತಾನೆ. ಅದನ್ನು ತಿದ್ದಲು ಆಮೇಲೆ ಎರಡು ಪಟ್ಟು ಶ್ರಮ ಬೇಕಾಗುತ್ತದೆ.

7. ಸೀಮೆಯ ಅಳತೆಯ ಮಿತಿ: 1830–31

ಕಿರಿದಾದುದೆಲ್ಲವೂ ಸತ್ಯಕ್ಕೆ ಹತ್ತಿರ ಎಂದು ತೀರ್ಮಾನಿಸುವುದು ಅವಸರವಾದೀತು. ಇದೇ ಸೀಮೆಯನ್ನು ಒಳಗೊಂಡಿದ್ದ ನಗರ ಫೌಜುದಾರಿಯಲ್ಲಿ 1830–31ರಲ್ಲಿ ನಡೆದ ರೈತ ಬಂಡಾಯವು ಈ ಮಾದರಿಯ ಮಿತಿಯನ್ನು ತೋರಿಸುತ್ತದೆ. ರೈತರು ಕೂಟಗಳಾಗಿ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಕೆಳದಿ ಮನೆತನದ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರ ಮನೆತನದವರೂ ಅದರಲ್ಲಿ ಸೇರಿದರು. 1831ರ ಜೂನ್‌ನಲ್ಲಿ ಕಂಪನಿಯ ಸೈನ್ಯ ನಗರವನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಅರಸರಿಂದ ತೆಗೆದುಕೊಂಡ. ಅದು ಮರಳಿ ಅರಸುಮನೆತನಕ್ಕೆ ಸಿಕ್ಕಿದ್ದು 1881ರಲ್ಲಿ.

ಈ ಬಂಡಾಯವನ್ನು ಕೇವಲ ಕೋಟೆ, ಕಾಡು, ಕೂಟಗಳ ನಕ್ಷೆಯಲ್ಲಿ ಕಟ್ಟಿದರೆ ಅದು ಪಾಳೆಯಗಾರರ ಸಾಹಸಕಥೆಯಾಗಿ ಉಳಿಯುತ್ತದೆ. ಅದರ ಕಾರಣಗಳು ಆ ನಕ್ಷೆಯ ಹೊರಗಿವೆ. 1799ರ ಒಪ್ಪಂದದಂತೆ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಾಹಗಳ ಪೊಗದಿ ಕೊಡಬೇಕಾಗಿತ್ತು. ಇಷ್ಟು ಕಂದಾಯ ಎತ್ತಿ ಕೊಡುತ್ತೇನೆಂದು ಅಮಲ್ದಾರರು ಒಪ್ಪಿಕೊಳ್ಳುತ್ತಿದ್ದ ಶರತ್ತು ಪದ್ಧತಿ ರೈತರ ಮೇಲಿನ ಒತ್ತಡವನ್ನು ಹೆಚ್ಚಿಸಿತ್ತು. ಹೊನ್ನಾಳಿಯ ರೈತನ ಸಂಕಟದ ಮೂಲ ಹೊನ್ನಾಳಿಯಲ್ಲಷ್ಟೇ ಇರಲಿಲ್ಲ. ಸೀಮೆಯ ಗಡಿಯಲ್ಲಿಯೇ ಕಣ್ಣು ಮುಚ್ಚುವ ಕಥನ ಸ್ಥಳೀಯ ಅಭಿಮಾನವನ್ನು ತಣಿಸಬಹುದು, ಚರಿತ್ರೆಯನ್ನು ವಿವರಿಸಲಾರದು. ಪಾಳೆಯಗಾರನನ್ನು ನಾಯಕನನ್ನಾಗಿ ಮಾಡಿ, ಅವನ ಕೈಕೆಳಗಿನ ರೈತನನ್ನು ಮತ್ತೆ ಒಂದು ಅಂಕಿಯನ್ನಾಗಿ ಮಾಡುವ ಅಪಾಯವೂ ಇಲ್ಲಿದೆ.

ಈ ತೊಡಕಿಗೆ ಕನ್ನಡ ಕಾವ್ಯಪರಂಪರೆಯಲ್ಲಿ ಒಂದು ಮಾದರಿ ಸಿಗುತ್ತದೆ. ರನ್ನನು ‘ಗದಾಯುದ್ಧ’ದಲ್ಲಿ ಇಡೀ ಭಾರತವನ್ನು ಹೇಳಲು ಹೊರಡಲಿಲ್ಲ. ಯುದ್ಧದ ಕೊನೆಯ ಘಟ್ಟವನ್ನು ಮಾತ್ರ ಎತ್ತಿಕೊಂಡು, ಸಿಂಹಾವಲೋಕನ ಕ್ರಮದಿಂದ ಹಿಂದಿನದನ್ನೆಲ್ಲ ಬೇಕಾದ ಕಡೆ, ಬೇಕಾದಷ್ಟು ಒಳಕ್ಕೆ ತಂದ. ಕಾವ್ಯದ ರಂಗ ಕಿರಿದು, ಅದರ ನೋಟ ಕಿರಿದಲ್ಲ. ಕಿರುದಂಡಯಾತ್ರೆಯ ರಚನೆಯಲ್ಲಿ ಇದೇ ಕ್ರಮವನ್ನು ಅನುಸರಿಸಲು ಸಾಧ್ಯವಿದೆ. ಪೊಗದಿಯ ಕಂತು ಬಾಕಿಯಾದ ಸುದ್ದಿ, ಮೈಸೂರಿನಿಂದ ಬರುವ ನಿರೂಪ, ಪೇಟೆಯಲ್ಲಿ ಇಳಿದ ಧಾರಣೆ ಇವು ನಕ್ಷೆಯ ಹೊರಗಿನಿಂದ ಘಟನೆಗಳಾಗಿ ಒಳಬಂದು ಆಟಗಾರನ ಆಯ್ಕೆಗಳನ್ನು ಬಿಗಿಗೊಳಿಸಬಹುದು. ಇಂಥ ಘಟನೆಗಳನ್ನು ಬರೆಯಲು ಈ ಆಟಗಳ ಕಡತಗಳಲ್ಲಿ ಅವಕಾಶವಿದೆ. ಬರೆಯಬೇಕಾದವರಿಗೆ ಆಡಳಿತದ ಕನ್ನಡವೂ ಆ ಕಾಲದ ಲೆಕ್ಕಪತ್ರಗಳ ಪರಿಚಯವೂ ಇರಬೇಕಷ್ಟೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳನ್ನು ಸಂಗ್ರಹಿಸಿ ಹೇಳಬಹುದು. ಮಹಾದಂಡಯಾತ್ರೆಯು ಸಂಬಂಧಗಳನ್ನು ತೋರಿಸುತ್ತದೆ; ಆದರೆ ತನ್ನ ಲೆಕ್ಕಕ್ಕೆ ಸಿಗದವರನ್ನು ಹೆಸರಿಲ್ಲದ ಒಂದು ಪಕ್ಷಕ್ಕೆ ತಳ್ಳುತ್ತದೆ. ಕಿರುದಂಡಯಾತ್ರೆಯು ಅವರಿಗೆ ಹೆಸರು, ಕಾಲ, ಗುರಿಗಳನ್ನು ಕೊಡುತ್ತದೆ. ಆದರೆ ಹೊರಗಿನ ಕಾರಣಗಳಿಗೆ ಬಾಗಿಲು ತೆರೆದಿಡದಿದ್ದರೆ ಸ್ಥಳೀಯ ವೈಭವದ ಕಥೆಯಾಗಿ ಕುಸಿಯುತ್ತದೆ. ಕರ್ನಾಟಕದ ಸಮಗ್ರ ಚರಿತ್ರೆಯನ್ನು ಒಂದೇ ನಕ್ಷೆಯಲ್ಲಿ ತರುವ ಹಂಬಲಕ್ಕಿಂತ, ಹದಿನಾರು ತಿಂಗಳ ಒಂದು ಹೋರಾಟವನ್ನು ಮೂವತ್ತಾರು ಮಳೆ ನಕ್ಷತ್ರಗಳಲ್ಲಿ ಮುಗಿಸುವ ಕೆಲಸ ಹೆಚ್ಚು ಸಾಧ್ಯವೂ ಹೆಚ್ಚು ಬೋಧಪ್ರದವೂ ಆಗಿದೆ. ಅಂಥ ಐದಾರು ಸೀಮೆಗಳ ಕಥನಗಳು ಸಿದ್ಧವಾದ ಮೇಲೆ ಅವುಗಳನ್ನು ಜೋಡಿಸುವ ದೊಡ್ಡ ನಕ್ಷೆಯ ಮಾತು ಬರಲಿ. ಆಗ ಆ ನಕ್ಷೆಯಲ್ಲಿ ಹೊನ್ನಾಳಿ ಖಾಲಿ ಜಾಗವಾಗಿ ಉಳಿಯುವುದಿಲ್ಲ.

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಇಲ್ಲಿ ಸ್ಪಷ್ಟವಾಗಿದೆ. ಆಟದ ಕಡತಗಳನ್ನು ತಿದ್ದುವ ತಾಂತ್ರಿಕ ಕೌಶಲ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಇದೆ. ತಾಲ್ಲೂಕುವಾರು ಸ್ಥಳನಾಮಗಳ ಶುದ್ಧ ರೂಪ, ಕೈಫಿಯತ್ತುಗಳಿಂದ ಆಯ್ದ ವ್ಯಕ್ತಿನಾಮ ಮತ್ತು ಹುದ್ದೆಗಳ ಪಟ್ಟಿ, ಹಳೆಯ ದಾರಿ ಮತ್ತು ಕಡವುಗಳ ಗುರುತು, ಸೀಮೆಯ ಹಾಡು–ಕಥೆಗಳ ದಾಖಲೆ ಇವನ್ನು ಒದಗಿಸುವುದು ಅಧ್ಯಾಪಕರಿಗೂ ಸಂಶೋಧಕರಿಗೂ ಸಾಧ್ಯವಿರುವ ಕೆಲಸ. ಇದಕ್ಕೆ ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. ಕ್ಷೇತ್ರಕಾರ್ಯ ಮತ್ತು ಗ್ರಂಥಸಂಪಾದನೆಯ ಶಿಸ್ತು ಸಾಕು. ಸವಳಂಗದ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ ಇಂಥ ನಕ್ಷೆಯನ್ನು ತೆರೆದಾಗ ತನ್ನೂರಿನ ಕೆರೆಯನ್ನೂ ದಾರಿಯನ್ನೂ ಸರಿಯಾದ ಹೆಸರಿನಲ್ಲಿ ಕಾಣಬೇಕಾದರೆ, ಆ ಹೆಸರುಗಳನ್ನು ಈಗಲೇ ಯಾರಾದರೂ ಸಂಗ್ರಹಿಸಿಡಬೇಕು.